ನಾಳೆಗೆ ಕನ್ನಡ ಬರುವುದಿಲ್ಲವೇ?

ಸಣ್ಣ ಪತ್ರಿಕೆ ಹೊರಡಿಸಬೇಕೆಂಬ ಹುಚ್ಚು ಹಿಡಿದವನಿಗೆ ಊರ ಹಿರಿಯರು ಹೇಳುವ ಬುದ್ಧಿಮಾತು ಒಂದೇ: “ಕೈಯಾಗ ರೊಕ್ಕ ಇದ್ರ ಬಾವಿ ತೋಡಸಪಾ, ನೀರಾದ್ರೂ ಬಿದ್ದೀತು.” ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ನಮ್ಮ ಸನಮಡಿಯಲ್ಲಿ ಈ ಮಾತಿಗೆ ತೂಕ ಹೆಚ್ಚು. ಇದು ಮಳೆ ಕಡಿಮೆಯ ಸೀಮೆ. ಜೋಳ, ಸಜ್ಜೆ, ಕುರಿ, ಅಲ್ಲಲ್ಲಿ ದಾಳಿಂಬೆ; ಇಷ್ಟೇ ಬದುಕು. ದೀಪಾವಳಿ ಕಳೆಯಿತೆಂದರೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮಂದಿ ಕಬ್ಬು ಕಡಿಯಲು ದೂರದ ಊರುಗಳಿಗೆ ಹೊರಡುತ್ತಾರೆ. ಇಲ್ಲಿ ಬಾವಿ ತೋಡಿದರೂ ನೀರು ಬೀಳುವ ಭರವಸೆಯಿಲ್ಲ. ಆದ್ದರಿಂದ ಎರಡರಲ್ಲಿ ಯಾವುದರಲ್ಲಿ ನಷ್ಟ ಕಡಿಮೆ ಎಂದು ಲೆಕ್ಕ ಹಾಕಿ ನಾವು ಪತ್ರಿಕೆಯನ್ನೇ ಆರಿಸಿಕೊಂಡೆವು.

ನಾವು ಎಂದರೆ ಮೂವರು. ಇಬ್ಬರು ಕನ್ನಡ ಮಾಧ್ಯಮದ ಮಾಸ್ತರರು. ಇನ್ನೊಬ್ಬ ನಮ್ಮ ಹಳೆಯ ವಿದ್ಯಾರ್ಥಿ, ಅವನದು ಝೆರಾಕ್ಸ್ ಅಂಗಡಿ.

ದೂರದ ಜತ್ತದ ಸಂಗತಿ ಕಾಸರಗೋಡಿನ ವಾಚಕರಿಗೇಕೆ ಎಂದು ಕೇಳಬಹುದು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ತಾವು ಕೇರಳಕ್ಕೆ ಸೇರಿದಿರಿ. ನಾವು ಆಗಿನ ಮುಂಬಯಿ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದವರಾದೆವು. 1967ರ ಮಹಾಜನ ವರದಿಯಲ್ಲಿ ಕಾಸರಗೋಡಿನ ಹೆಸರೂ ಜತ್ತದ ಹೆಸರೂ ಒಂದೇ ರಟ್ಟಿನೊಳಗೆ ಇವೆ. ಮುಖ ನೋಡದಿದ್ದರೂ ನಾವು ತಾವು ಒಂದೇ ಮನೆಯವರು. ನಮ್ಮ ಮನೆಯಲ್ಲಿ ನಡೆದುದು ತಮ್ಮ ಮನೆಯಲ್ಲೂ ನಡೆದಿರಬಹುದು ಎಂಬ ಗುಮಾನಿಯಿಂದ ಇದನ್ನು ಬರೆಯುತ್ತಿದ್ದೇವೆ.

ಯಂತ್ರಕ್ಕೆ ಬಾರದ ಭಾಷೆ

ಮೊದಲಿಗೆ ನಾವು ಹೊರಡಿಸಲು ಹೊರಟದ್ದು ಮಾಮೂಲಿನ ಶಾಲಾ ಪತ್ರಿಕೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘2100ನೆಯ ಇಸವಿಯ ಸನಮಡಿ’ ಎಂಬ ವಿಷಯ ಕೊಟ್ಟೆವು. ಮಕ್ಕಳು ಹುರುಪಿನಿಂದ ಬರೆದರು. ಒಬ್ಬನ ಊರಿನಲ್ಲಿ ಕೃಷ್ಣೆಯ ನೀರು ಮನೆಮನೆಯ ಅಂಗಳಕ್ಕೆ ಬಂದಿತ್ತು. ಒಬ್ಬನ ಕುರಿಗಳನ್ನು ಹಾರುವ ಯಂತ್ರ ಕಾಯುತ್ತಿತ್ತು. ಒಬ್ಬಳು ಕಬ್ಬು ಕಡಿಯುವ ಕೆಲಸವನ್ನೆಲ್ಲ ಯಂತ್ರಮಾನವನಿಗೆ ವಹಿಸಿ ತನ್ನ ಅವ್ವನನ್ನು ಮನೆಯಲ್ಲೇ ಉಳಿಸಿಕೊಂಡಿದ್ದಳು. ಓದಿ ನಮ್ಮ ಕಣ್ಣು ಹನಿಗೂಡಿತು.

ಇನ್ನೊಬ್ಬ ಹುಡುಗಿಯ ಮನೆಯಲ್ಲೂ ಒಂದು ಯಂತ್ರಮಾನವ. ಅದು ರೊಟ್ಟಿ ಬಡಿಯುತ್ತದೆ, ಎಮ್ಮೆ ಹಿಂಡುತ್ತದೆ, ಆದರೆ ಮಾತೆಲ್ಲ ಇಂಗ್ಲಿಷ್. ಅಜ್ಜಿಗೆ ಅದರ ಮಾತು ತಿಳಿಯದೆ ಮೊಮ್ಮಗಳು ನಡುವೆ ನಿಂತು ತಿಳಿಸಬೇಕು. ನಾವು ಸುಮ್ಮನೆ ಕೇಳಿದೆವು: “ಯಾಕವಾ, ನಿನ್ನ ಯಂತ್ರಕ್ಕ ಕನ್ನಡ ಬರಂಗಿಲ್ಲೇನು?” ಆಕೆ ನಮ್ಮನ್ನೇ ವಿಚಿತ್ರವಾಗಿ ನೋಡಿ ಹೇಳಿದಳು: “ಅದಕ್ಕ ಹ್ಯಾಂಗ ಬರಬೇಕ್ರಿ ಸರ? ಅದು ಹೊಸಾದ ಐತಿ.”

ಆ ರಾತ್ರಿ ಎಲ್ಲ ಕಥೆಗಳನ್ನೂ ಮತ್ತೆ ಓದಿದೆವು. ಕನ್ನಡ ಆಡುವವರು ಅವುಗಳಲ್ಲಿ ಯಾರು? ಅಜ್ಜ, ಅಜ್ಜಿ, ದೆವ್ವ, ಗುಡಿಯ ಪೂಜಾರಿ. ಮರಾಠಿ ಆಡುವವರು ಪೋಲೀಸರು, ಅಧಿಕಾರಿಗಳು. ಇಂಗ್ಲಿಷ್ ಆಡುವವು ಯಂತ್ರಗಳು, ಡಾಕ್ಟರರು. ಯಾರೂ ಹೀಗೆ ಬರೆಯಿರೆಂದು ಹೇಳಿಕೊಟ್ಟಿರಲಿಲ್ಲ. ಮಕ್ಕಳು ತಾವಾಗಿಯೇ ಕನ್ನಡವನ್ನು ನಿನ್ನೆಗೆ ಕಟ್ಟಿಹಾಕಿ ನಾಳೆಯನ್ನು ಬೇರೆ ಭಾಷೆಗಳಿಗೆ ಹಂಚಿಕೊಟ್ಟಿದ್ದರು.

ಇದು ಯಂತ್ರದ ಪ್ರಶ್ನೆಯಲ್ಲ. ಇಂದು ಅಂಗೈಯ ಮೊಬೈಲಿನಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಆ ಹುಡುಗಿಗೂ ಅದು ಗೊತ್ತು. ಆದರೂ ‘ಹೊಸದು’ ಎಂದೊಡನೆ ಆಕೆಯ ಮನಸ್ಸು ಕನ್ನಡವನ್ನು ಹೊಸ್ತಿಲ ಆಚೆ ನಿಲ್ಲಿಸಿತು. ಮರಾಠಿ ಕಲಿಕೆ ನಮ್ಮಲ್ಲಿ 2020ರ ಕಾಯಿದೆಯಿಂದ ಕಡ್ಡಾಯ. ತಮ್ಮಲ್ಲಿ ಮಲಯಾಳಕ್ಕೆ 2017ರ ಕಾಯಿದೆಯಿದೆ. ನೆರೆಯ ಭಾಷೆ ಕಲಿತರೆ ನಷ್ಟವಿಲ್ಲ. ನಮ್ಮ ಮಕ್ಕಳು ಮರಾಠಿಯನ್ನು ಸಲೀಸಾಗಿ ಆಡುತ್ತಾರೆ, ಅದು ನಮಗೆ ಹೆಮ್ಮೆಯೇ. ಆದರೆ ತನ್ನ ಮಾತಿನಲ್ಲಿ ಕನಸು ಕಾಣಲಾಗದೆಂದು ಮಗು ತೀರ್ಮಾನಿಸಿದರೆ, ಆ ಕೊರತೆಯನ್ನು ಯಾವ ಕಾಯಿದೆ ತುಂಬೀತು?

ಹೀಗೆ ನಮ್ಮ ಪತ್ರಿಕೆಯ ಜಾತಕ ಬದಲಾಯಿತು. ‘ಹೀಗಾದರೆ ಏನಾದೀತು?’ ಎಂದು ಕೇಳುವ ಕಥೆ, ಕವಿತೆಗಳನ್ನಷ್ಟೇ ಹಾಕುವುದೆಂದು ನಿರ್ಧರಿಸಿದೆವು.

ಹಿಂದೆ ನಡೆದವರು

ಹಳ್ಳಿಯ ಮಾಸ್ತರರಿಗೆ ಇದೆಲ್ಲ ಏಕೆಂದು ನಕ್ಕವರುಂಟು. ಆದರೆ ಇಂಥ ಪತ್ರಿಕೆಗಳ ಚರಿತ್ರೆ ನೋಡಿದರೆ ಬಹಳಷ್ಟು ಹುಟ್ಟಿದ್ದು ಚಿಕ್ಕ ಕೋಣೆಗಳಲ್ಲೇ. 1932ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಜೆರಿ ಸೀಗಲ್ ಎಂಬ ಹೈಸ್ಕೂಲು ಹುಡುಗ ‘ಸೈನ್ಸ್ ಫಿಕ್ಷನ್’ ಎಂಬ ಪತ್ರಿಕೆಯನ್ನು ಕಲ್ಲಚ್ಚಿಗಿಂತಲೂ ಬಡವಾದ ನಕಲು ಯಂತ್ರದಲ್ಲಿ ಹೊರಡಿಸಿದ. ಗೆಳೆಯ ಜೋ ಶುಸ್ಟರ್ ಚಿತ್ರ ಬರೆದ. ಐದೇ ಸಂಚಿಕೆಗೆ ಅದು ನಿಂತಿತು. ಆದರೆ 1933ರ ಜನವರಿಯ ಸಂಚಿಕೆಯಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರು ಮೊದಲು ಕಾಣಿಸಿಕೊಂಡಿತ್ತು. ಐದು ವರ್ಷಗಳ ಅನಂತರ ಅದೇ ಹೆಸರು ಹೊಸ ರೂಪ ತಾಳಿ ಲೋಕಪ್ರಸಿದ್ಧವಾಯಿತು.

ನಮ್ಮ ದೇಶದಲ್ಲಿ ಕಲ್ಕತ್ತೆಯ ಅದ್ರೀಶ ಬರ್ಧನ್ 1963ರ ಜನವರಿಯಲ್ಲಿ ಬಂಗಾಳಿಯಲ್ಲಿ ‘ಆಶ್ಚರ್ಯ’ ಎಂಬ ಮಾಸಿಕವನ್ನು ಆರಂಭಿಸಿದರು. ಭಾರತದಲ್ಲಿ ಕೇವಲ ವಿಜ್ಞಾನ ಕಥೆಗಳಿಗೆಂದೇ ಹೊರಟ ಮೊದಲ ಪತ್ರಿಕೆ ಅದು. ಪ್ರೇಮೇಂದ್ರ ಮಿತ್ರ, ಸತ್ಯಜಿತ್ ರಾಯ್ ಅಂಥವರು ಬೆನ್ನಿಗೆ ನಿಂತರು. ಇಂಗ್ಲಿಷ್ ಹೆಸರನ್ನು ಎರವಲು ತಾರದೆ ‘ಕಲ್ಪವಿಜ್ಞಾನ’ ಎಂಬ ಮಾತನ್ನು ಬರ್ಧನರೇ ಟಂಕಿಸಿದರು. ಪತ್ನಿಯ ಅಕಾಲ ಮರಣದಿಂದ ಪತ್ರಿಕೆ ನಿಂತಿತು. ಆದರೂ ಆತ 1975ರಲ್ಲಿ ‘ಫ್ಯಾಂಟಾಸ್ಟಿಕ್’ ಎಂಬ ಇನ್ನೊಂದು ಪತ್ರಿಕೆಯನ್ನು ಎಬ್ಬಿಸಿ ನಿಲ್ಲಿಸಿದರು.

ನಮ್ಮ ನೆರೆಯ ಮರಾಠಿಯ ದೃಷ್ಟಾಂತವಂತೂ ಮನೆಬಾಗಿಲಲ್ಲೇ ಇದೆ. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ 2025ರ ಮೇ ತಿಂಗಳಲ್ಲಿ ತೀರಿಕೊಂಡ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ‘ಕೃಷ್ಣವಿವರ’ ಎಂಬ ಕಥೆ ಕಳಿಸಿದರು. ತಮ್ಮ ಕೀರ್ತಿ ತೀರ್ಪುಗಾರರ ಕಣ್ಣು ಕಟ್ಟಬಾರದೆಂದು ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ ‘ನಾರಾಯಣ ವಿನಾಯಕ ಜಗತಾಪ’ ಎಂದು ಬರೆದುಕೊಂಡರು. ಬಹುಮಾನ ಜಗತಾಪರಿಗೇ ಬಂತು!

ಹೆಸರು ಮರೆಸುವ ಈ ಆಟದಲ್ಲಿ ಕರಾವಳಿಯ ಕನ್ನಡಿಗರು ಹಿಂದೆ ಬಿದ್ದವರಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡು ತನ್ನ ಕೃತಿಯನ್ನು ಯಾರೋ ಹಳೆಯ ಕವಿಯದೆಂದು ಹೇಳಿ ಮೈಸೂರಿನ ಕಾವ್ಯಪತ್ರಿಕೆಗೆ ಕಳಿಸಿದ. 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಬಡ ಮಾಸ್ತರನ ಬರಹ ಉಳಿದದ್ದು ಅಂಥ ಪತ್ರಿಕೆಯೊಂದು ಇದ್ದುದರಿಂದ.

ಕವಿತೆಗೂ ಈ ದಾರಿ ಹೊಸದಲ್ಲ. 1978ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞೆ ಸುಜೆಟ್ ಹೇಡನ್ ಎಲ್ಗಿನ್ ವಿಜ್ಞಾನ ಕಲ್ಪನೆಯ ಕವಿಗಳದೇ ಒಂದು ಸಂಘ ಕಟ್ಟಿದರು; ‘ಸ್ಟಾರ್‌ಲೈನ್’ ಅದರ ಪತ್ರಿಕೆ. ನಾವು ಮಕ್ಕಳಿಗೆ ಇದನ್ನು ಹೇಳಿ, ಆಮೇಲೆ ಹನ್ನೆರಡನೆಯ ಶತಮಾನದ ಅಲ್ಲಮನ ಬೆಡಗಿನ ವಚನಗಳನ್ನು ಓದಿಸಿದೆವು. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮನೂ ಆ ಶರಣರ ಬಳಗದವಳೇ ಎಂದು ನೆನಪಿಸಿದೆವು. ಲೋಕವನ್ನು ತಲೆಕೆಳಗು ಮಾಡಿ ನೋಡುವುದು ಕನ್ನಡಕ್ಕೆ ಪರದೇಶದಿಂದ ಬಂದ ವಿದ್ಯೆಯಲ್ಲ ಎಂಬುದು ಆಗ ಮಕ್ಕಳಿಗೆ ಹೊಳೆಯಿತು. ಕಥೆಯಲ್ಲೂ ಧಾರವಾಡ ಸೀಮೆಯ ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ಗ್ರಹಾಂತರ ಯಾತ್ರೆ ಮಾಡಿಸಿದ್ದಾರೆ. ಆ ಪುಸ್ತಕಗಳು ಈ ಹಳ್ಳಿಯವರೆಗೆ ಬಂದಿರಲಿಲ್ಲ, ಅಷ್ಟೇ.

ಎಂಟು ಹಾಳೆಯ ಸಂಸಾರ

ಈಗ ವ್ಯವಹಾರದ ಮಾತು. ನಮ್ಮ ಪತ್ರಿಕೆ ಎಂಟು ಹಾಳೆ. ಎ-4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಎಂಟು ಹಾಳೆಗೆ ಮೂವತ್ತೆರಡು. ಒಂದು ಕಥೆ ಅರ್ಧ ಪುಟ ಹೆಚ್ಚಾದರೆ ಇಡೀ ಹಾಳೆ ಹೆಚ್ಚಬೇಕು, ಅಂದರೆ ನಾಲ್ಕು ಪುಟ ತುಂಬಬೇಕು. ಅದಕ್ಕೇ ಕವಿತೆಗಳನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರುತ್ತೇವೆ. ಕಥೆ ಬಿಟ್ಟ ಸಂದಿಯಲ್ಲಿ ಕವಿತೆ ಕೂರುತ್ತದೆ. ಕವಿಗಳು ಕೋಪಿಸಿಕೊಳ್ಳಬಾರದು. ಮಕ್ಕಳೇ ಮಡಚುತ್ತಾರೆ, ಪಿನ್ನು ಹೊಡೆಯುತ್ತಾರೆ. ಮೊದಲ ಸಂಚಿಕೆ ನೂರು ಪ್ರತಿ. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಕೆಳಗೆ ಹಾಕಿದ್ದೇವೆ.

ಮುಂದೆ ಚಂದಾ ಪಡೆದು ನಡೆಸಬೇಕೆಂದರೆ ನೋಂದಣಿಯ ಮಾತು ಬರುತ್ತದೆ. 1867ರ ಹಳೆಯ ಕಾಯಿದೆ ಹೋಗಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಅರ್ಜಿಯನ್ನು ಆನ್‌ಲೈನಿನಲ್ಲೇ ಕೊಡಬೇಕು. ಅಂಚೆಯ ಕಥೆ ಬೇರೆ. ಪುಸ್ತಕ ಪತ್ರಿಕೆಗಳನ್ನು ಕಡಿಮೆ ದರದಲ್ಲಿ ಭದ್ರವಾಗಿ ತಲುಪಿಸುತ್ತಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರದಲ್ಲಿ ನಿಂತುಹೋಯಿತು. ಸಣ್ಣ ಪತ್ರಿಕೆಗಳಿಗೆ ಅದು ಸಣ್ಣ ಪೆಟ್ಟಲ್ಲ. ಹೀಗಾಗಿ ದೂರದೂರಿನ ಪ್ರತಿಗಳನ್ನು ಬಲ್ಲವರು ಬಸ್ಸಿನಲ್ಲಿ ಹೊರಟಾಗ ಕೈಗಿಡುತ್ತೇವೆ.

ಕನ್ನಡದ ದೊಡ್ಡ ಹೆಸರುಗಳೂ ಈ ಕಷ್ಟ ಉಂಡವರೇ. ಅಡಿಗರ ‘ಸಾಕ್ಷಿ’ 1962ರಲ್ಲಿ, ಧಾರವಾಡದ ಚಂಪಾ, ಪಟ್ಟಣಶೆಟ್ಟಿ, ಗಿರಡ್ಡಿ ಎಂಬ ಮೂವರು ಗೆಳೆಯರ ‘ಸಂಕ್ರಮಣ’ 1964ರಲ್ಲಿ ಆರಂಭವಾದವು. ‘ಸಂಕ್ರಮಣ’ವನ್ನು ಚಂಪಾ ದಶಕಗಳ ಕಾಲ ಹೊತ್ತು ನಡೆದರು. ವಿವೇಕ ಶಾನಭಾಗರ ‘ದೇಶಕಾಲ’ 2005ರಿಂದ ಏಳು ವರ್ಷ ನಡೆಯಿತು. ಪ್ರತಿಗಳ ಎಣಿಕೆಯಿಂದ ಇವನ್ನು ಅಳೆದವರು ಯಾರೂ ಇಲ್ಲ; ಯಾರು ಯಾರ ಮೊದಲ ಬರಹ ಅಲ್ಲಿ ಬಂತು ಎಂದೇ ಜನ ನೆನೆಯುತ್ತಾರೆ.

ನಾವು ಮಾಡಿದ ತಪ್ಪು

ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ. ಮೊದಲ ಸಂಚಿಕೆಗೆ ಕುರಿ ಕಾಯುವ ಮನೆಯ ಹುಡುಗನೊಬ್ಬ, ಮೇವು ಹುಡುಕುತ್ತ ಚಂದ್ರನವರೆಗೆ ಹೋದ ಕುರಿಹಿಂಡಿನ ಕಥೆ ಕೊಟ್ಟ. ಆ ಸಂಚಿಕೆಯಲ್ಲೇ ಮೇಲಾದ ಕಥೆ ಅದು. ನಾವು ಮಾಸ್ತರರು, ಕೆಂಪು ಶಾಯಿ ಕಂಡರೆ ಕೈ ಸುಮ್ಮನಿರದು. ‘ಹೊಲದಾಗ’ ಇದ್ದುದನ್ನು ‘ಹೊಲದಲ್ಲಿ’ ಎಂದೆವು. ‘ಶಾಳಾ’ ಎಂದಿದ್ದ ಮರಾಠಿಯನ್ನು ‘ಶಾಲೆ’ ಮಾಡಿದೆವು. ಅವನ ಅಜ್ಜನ ಬೈಗುಳಗಳನ್ನೆಲ್ಲ ತೆಗೆದೆವು. ಅಚ್ಚಾದ ಕಥೆಯನ್ನು ಹುಡುಗ ನಿಂತೇ ಓದಿ ಮುಗಿಸಿ, “ಇದು ನಂದಲ್ರೀ ಸರ” ಎಂದು ಪ್ರತಿಯನ್ನು ಮೇಜಿನ ಮೇಲಿಟ್ಟು ಹೋದ. ಎರಡನೆಯ ಸಂಚಿಕೆಗೆ ಕಥೆ ಕೊಡಲಿಲ್ಲ. ಆ ವರ್ಷ ಕಬ್ಬಿನ ಹಂಗಾಮಿಗೆ ತಾಯ್ತಂದೆಯರ ಜೊತೆ ಹೋದವನು ಶಾಲೆಗೆ ತಿರುಗಿ ಬರಲೂ ಇಲ್ಲ.

ಅವನು ಹೋದದ್ದು ಬಡತನದಿಂದ. ನಮ್ಮ ಶಾಯಿಯಿಂದಲ್ಲ ಎಂದು ಸಮಾಧಾನ ಹೇಳಿದವರಿದ್ದಾರೆ. ಆದರೆ ಹೋಗುವಾಗ ಅವನ ಕೈಯಲ್ಲಿ ತನ್ನದೆನ್ನುವ ಒಂದು ಕಥೆಯಾದರೂ ಇರಬಹುದಿತ್ತು; ಅದನ್ನು ನಾವು ಕಸಿದುಕೊಂಡೆವು. ಕನ್ನಡಕ್ಕೆ ನಾಳೆಯಿಲ್ಲವೆಂದು ಮಕ್ಕಳು ತಿಳಿದದ್ದರಲ್ಲಿ ನಮ್ಮ ಪಾಲೂ ಇತ್ತೆಂದು ಆಗ ತಿಳಿಯಿತು. ಪುಸ್ತಕದ ಕನ್ನಡವೇ ಕನ್ನಡ, ನಿನ್ನ ಮನೆಯದು ತಪ್ಪು ಎಂದು ವರ್ಷಗಟ್ಟಲೆ ಹೇಳಿದವರು ನಾವೇ ಅಲ್ಲವೇ?

ಮೂಲ ಹಸ್ತಪ್ರತಿ ನಮ್ಮ ಕಪಾಟಿನಲ್ಲಿ ಉಳಿದಿತ್ತು. ನಾಲ್ಕನೆಯ ಸಂಚಿಕೆಯಲ್ಲಿ ಅದನ್ನು ಒಂದಕ್ಷರವೂ ತಿದ್ದದೆ, ಬೈಗುಳ ಸಮೇತ ಹಾಕಿದೆವು. ಹಳ್ಳಿಯಿಂದ ಹಳ್ಳಿಗೆ ಹೋಗುವ ಗಾಡಿಯವರ ಕೈಯಲ್ಲಿ ಎರಡು ಪ್ರತಿಗಳನ್ನು ಅವನಿಗೆ ಕಳಿಸಿದ್ದೇವೆ. ಉತ್ತರ ಬಂದಿಲ್ಲ, ಕಾಯುತ್ತಿದ್ದೇವೆ.

ಅದೇ ಸಂಚಿಕೆಗೆ ಯಂತ್ರಮಾನವನ ಹುಡುಗಿ ಹೊಸ ಕಥೆ ಕೊಟ್ಟಳು. ಈ ಸಲ ಅಜ್ಜಿ ಯಂತ್ರಕ್ಕೆ ಒಂದು ಒಗಟು ಹಾಕುತ್ತಾಳೆ. ಅದಕ್ಕೆ ಉತ್ತರ ಹೊಳೆಯುವುದಿಲ್ಲ. ರಾತ್ರಿಯೆಲ್ಲ ಒಲೆಯ ಮುಂದೆ ಕೂತು, ಬೆಳಗಿನ ಜಾವ ಅಜ್ಜಿಯನ್ನು ಎಬ್ಬಿಸಿ, “ತಿಳೀಲಿಲ್ಲ ಆಯಿ, ಇನ್ನೊಮ್ಮೆ ಹೇಳು” ಎನ್ನುತ್ತದೆ. ಹೇಳಿದ್ದು ಕನ್ನಡದಲ್ಲಿ.

ವಾಚಕರಲ್ಲಿ ನಮ್ಮ ಬೇಡಿಕೆ ಹಣದ್ದಲ್ಲ. ಇಂದು ರಾತ್ರಿ ಊಟದ ಹೊತ್ತಿಗೆ ತಮ್ಮ ಮನೆಯ ಮಕ್ಕಳನ್ನು ಒಂದು ಮಾತು ಕೇಳಿ: 2100ನೆಯ ಇಸವಿಯಲ್ಲಿ ನಮ್ಮ ಊರಿನ ಯಂತ್ರ ಯಾವ ಭಾಷೆ ಆಡುತ್ತದೆ? ಉತ್ತರ ಏನೇ ಬರಲಿ, ಅದನ್ನು ಅವರ ಮಾತಿನಲ್ಲೇ ಬರೆಸಿ. ಹತ್ತು ಮನೆಗಳವು ಕೂಡಿದರೆ ಎಂಟು ಹಾಳೆಗೆ ಸಾಕು. ಕೆಂಪು ಶಾಯಿಯನ್ನು ಮಾತ್ರ ದೂರ ಇಡಿ.