ಆಚಂದ್ರಾರ್ಕದ ಇಡುಗಂಟು

ತಂದೆಯ ಹೆಸರಿನಲ್ಲಿಯೋ ಗುರುವಿನ ಹೆಸರಿನಲ್ಲಿಯೋ ಶಾಲೆಗೆ, ಸಂಘಕ್ಕೆ, ಸಾಹಿತ್ಯ ಪರಿಷತ್ತಿಗೆ ಒಂದು ದತ್ತಿಯನ್ನು ಒಪ್ಪಿಸಿ, ರಸೀದಿಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿರಿಸಿಕೊಂಡು, 'ಇನ್ನು ಅಸಲಿಗೆ ಯಾರೂ ಕೈ ಹಾಕುವಂತಿಲ್ಲ, ಬಡ್ಡಿಯಲ್ಲಿ ಕಾರ್ಯ ಆಚಂದ್ರಾರ್ಕ ನಡೆದುಕೊಂಡು ಹೋಗುತ್ತದೆ' ಎಂಬ ಸಂತೃಪ್ತಿಯಿಂದ ಮನೆಗೆ ಮರಳುವ ಮಹನೀಯರಿಗೆ ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಎಂದೂ ಕೊರತೆಯಿಲ್ಲ. ಅವರ ಔದಾರ್ಯದ ಮುಂದೆ ತಲೆಬಾಗುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಅವರ ಗಣಿತದ ಮುಂದೆ ಮಾತ್ರ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಮಂಡಿಯಲ್ಲಿ ಅಡಕೆಯ ಧಾರಣೆ ಕ್ವಿಂಟಾಲಿಗೆ ಐನೂರು ಇಳಿಯಿತೆಂದರೆ ಇರುಳೆಲ್ಲ ಮಗ್ಗುಲು ಬದಲಿಸುವ ಈ ಲೆಕ್ಕಾಚಾರದ ಜನ, ದತ್ತಿಯ ಮಾತು ಬಂದೊಡನೆ, ಲೋಕದಲ್ಲಿ ಬೆಲೆಯೆಂಬುದೊಂದುಂಟು, ಅದು ಏರುತ್ತದೆ ಎಂಬುದನ್ನೇ ಮರೆತುಬಿಡುತ್ತಾರೆ.

1995ರಲ್ಲಿ ಒಬ್ಬರು 25,000 ರೂಪಾಯಿಗಳ ದತ್ತಿಯನ್ನಿಟ್ಟರೆಂದು ಭಾವಿಸೋಣ. ಬ್ಯಾಂಕಿನ ಠೇವಣಿಗೆ ಶೇಕಡಾ 12ರಷ್ಟು ಬಡ್ಡಿ ಹುಟ್ಟುತ್ತಿದ್ದ ಆ ಕಾಲದಲ್ಲಿ ವರ್ಷಕ್ಕೆ 3,000 ರೂಪಾಯಿ ಕೈಗೆ ಬರುತ್ತಿತ್ತು. ಅದರಲ್ಲಿ ಒಂದು ಗಂಭೀರವಾದ ಉಪನ್ಯಾಸವನ್ನೋ, ಒಬ್ಬ ಬಡ ವಿದ್ಯಾರ್ಥಿಯ ವರ್ಷದ ಪುಸ್ತಕಗಳನ್ನೋ ಘನತೆಯಿಂದಲೇ ಪೂರೈಸಬಹುದಾಗಿತ್ತು. ಇಂದು ಶೇಕಡಾ 6.5ರ ಬಡ್ಡಿಯಲ್ಲಿ ಅದೇ ಅಸಲು ತರುವುದು 1,625 ರೂಪಾಯಿ. ಇಷ್ಟೇ ಆಗಿದ್ದರೆ 'ಅರ್ಧಕ್ಕಿಳಿಯಿತು, ಆಗಲಿ' ಎನ್ನಬಹುದಿತ್ತು. ಆದರೆ ಈ ಮೂವತ್ತು ವರ್ಷಗಳಲ್ಲಿ ಜೀವನವೆಚ್ಚವು ಸ್ಥೂಲವಾಗಿ ಆರು ಪಟ್ಟು ಬೆಳೆದಿರುವುದರಿಂದ, ಅಂದಿನ ಮೂರು ಸಾವಿರ ಮಾಡುತ್ತಿದ್ದ ಕೆಲಸಕ್ಕೆ ಇಂದು ಹದಿನೆಂಟು ಸಾವಿರ ಬೇಕು. ಇರುವುದು ಅದರ ಹತ್ತರಲ್ಲೊಂದು ಪಾಲಿಗೂ ಕಡಮೆ. ಅಸಲಿಗೆ ಮನುಷ್ಯರಾರೂ ಕೈ ಹಾಕಲಿಲ್ಲ, ನಿಜ, ಕಾಲಪುರುಷನು ಹಾಕಿದ. ಚಿನ್ನದ ಪದಕಕ್ಕೆಂದು ಹಣವಿಟ್ಟವರ ಪಾಡು ಇನ್ನೂ ವಿಚಿತ್ರ: ಕುವೆಂಪು ವಿಶ್ವವಿದ್ಯಾಲಯವು ಹುಟ್ಟಿದ 1987ರಲ್ಲಿ ಹತ್ತು ಗ್ರಾಂ ಬಂಗಾರಕ್ಕೆ ಮೂರು ಸಾವಿರದ ಆಸುಪಾಸಿನಲ್ಲಿದ್ದ ಬೆಲೆ ಈಗ ಲಕ್ಷವನ್ನು ದಾಟಿದೆ, ಯಾವ ಬ್ಯಾಂಕಿನ ಯಾವ ಬಡ್ಡಿ ಅದರ ಬೆನ್ನಟ್ಟಿ ಓಡೀತು?

ಇದರ ಫಲವನ್ನು ಕಣ್ಣಾರೆ ಕಾಣಬಯಸುವವರು ಯಾವುದಾದರೊಂದು ದತ್ತಿ ಉಪನ್ಯಾಸದ ಆಮಂತ್ರಣ ಪತ್ರಿಕೆಯನ್ನು ಸಾವಧಾನದಿಂದ ಓದಬೇಕು. ಮೇಲೆ ನಾಲ್ಕು ದತ್ತಿಗಳ ಹೆಸರು, ಕೆಳಗೆ ಉಪನ್ಯಾಸಕರು ಒಬ್ಬರೇ. ಮೊದಲ ದಾನಿ ಕೇಳಿದ್ದು ವಚನಸಾಹಿತ್ಯ, ಎರಡನೆಯವರು ಜಾನಪದ, ಮೂರನೆಯವರು ಶಿಶುಸಾಹಿತ್ಯ, ನಾಲ್ಕನೆಯವರು ಸರ್ವಜ್ಞ. ನಾಲ್ವರ ಆತ್ಮಕ್ಕೂ ಏಕಕಾಲದಲ್ಲಿ ಶಾಂತಿಯಾಗಲೆಂದು ಆರಿಸಿದ ವಿಷಯ 'ಕನ್ನಡ ಸಾಹಿತ್ಯ ಮತ್ತು ಜೀವನಮೌಲ್ಯಗಳು'. ಸಭಾಂಗಣವು ಖಾಲಿ ಕಾಣದಿರಲೆಂದು ಎಂಟನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕರೆತಂದು ಕೂರಿಸಿರುತ್ತಾರೆ. ಬ್ಯಾನರು, ಹಾರ, ಶಾಲು, ಹಣ್ಣಿನ ಬುಟ್ಟಿ ಎಂದು ಬಡ್ಡಿಯೆಲ್ಲ ವೇದಿಕೆಯ ಮೇಲೆಯೇ ತೀರಿಹೋಗಿ, ಉಪನ್ಯಾಸಕರ ಬಸ್ ಚಾರ್ಜು ಮತ್ತು ಮಕ್ಕಳ ಬಿಸ್ಕತ್ತು ಕಾರ್ಯದರ್ಶಿಯ ಕೈಯಿಂದ ಹೋಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ದಾನಿಯ ಮಗ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುತ್ತಾನೆ: 'ನಮ್ಮಪ್ಪ ಇಟ್ಟ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಿಲ್ವಾ, ತಿಂದ್ಹಾಕಿದಾರೆ.' ಲೆಕ್ಕಪುಸ್ತಕವನ್ನು ತೆರೆದು ತೋರಿಸಿದರೂ ಅವನು ನಂಬುವುದಿಲ್ಲ. ಅಸಲು ಹಾಗೆಯೇ ಇದೆಯಲ್ಲ, ಮತ್ತೆ ಹಣ ಹೇಗೆ ಸಾಲದಾಯಿತು ಎಂಬ ಒಗಟನ್ನು ಬಿಡಿಸುವುದಕ್ಕಿಂತ ಕಳ್ಳನೊಬ್ಬನನ್ನು ಕಲ್ಪಿಸಿಕೊಳ್ಳುವುದು ಅವನಿಗೆ ಸುಲಭ.

ಇಂಥವರೊಡನೆ ವಾದಕ್ಕಿಳಿದರೆ ಶಾಸನಗಳ ಸಾಕ್ಷ್ಯ ತಪ್ಪದೆ ಬರುತ್ತದೆ: 'ನಮ್ಮ ಪೂರ್ವಿಕರು ಸೂರ್ಯಚಂದ್ರರಿರುವತನಕ ಎಂದು ಕಲ್ಲಿನಲ್ಲಿ ಕೊರೆಸಿದ್ದರಲ್ಲ!' ಕೊರೆಸಿದ್ದರು. ನಮ್ಮ ಜಿಲ್ಲೆಯದೇ ಆದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರನ ಗುಡಿಗೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದ ವ್ಯಾಕರಣಾದಿ ಶಾಸ್ತ್ರಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೆ ಅನಾಥರಿಗೆ, ಕುಂಟರಿಗೆ ಕುರುಡರಿಗೆ ಕಿವುಡರಿಗೆ ಅನ್ನ ಸಲ್ಲುತ್ತಿದ್ದುದನ್ನೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದನ್ನೂ ಹೇಳುತ್ತದೆ. ಧರ್ಮಸಂಸ್ಥೆಯೊಂದರ ಆದರ್ಶ ಇದಕ್ಕಿಂತ ಹಿರಿದಾಗಿರಲಾರದು. ಆದರೆ ಅದು ನಡೆದದ್ದು ಪೆಟ್ಟಿಗೆಯಲ್ಲಿಟ್ಟ ನಾಣ್ಯದಿಂದಲ್ಲ. ದತ್ತಿಯಾಗಿ ಬಿಟ್ಟ ನೆಲದ ಹುಟ್ಟುವಳಿಯಿಂದ, ಮತ್ತು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಕಾಳಾಮುಖ ಆಚಾರ್ಯರ ಪರಂಪರೆಯಿಂದ. ಭತ್ತದ ಬೆಲೆ ಏರಿದರೆ ಭೂಮಿಯ ಆದಾಯವೂ ತಾನಾಗಿ ಏರುತ್ತದೆ. ಠೇವಣಿಗೆ ಆ ಗುಣವಿಲ್ಲ. ಅಷ್ಟಾಗಿಯೂ ಆ ಪೂರ್ವಿಕರಿಗೆ ಕಲ್ಲಿನ ಮೇಲೆ ಪೂರ್ಣ ವಿಶ್ವಾಸವಿರಲಿಲ್ಲವೆಂಬುದಕ್ಕೆ ಶಾಸನಗಳ ಕೊನೆಯ ಶಾಪವಾಕ್ಯಗಳೇ ಸಾಕ್ಷಿ: ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹೊರಳುವನೆಂದು ಹೆದರಿಸುವವರು ಅಪಹಾರವನ್ನು ನಿರೀಕ್ಷಿಸಿದವರೇ ಅಲ್ಲವೆ? ಈಗ ಬಳ್ಳಿಗಾವೆಗೆ ಹೋದರೆ ಅಂದವಾದ ಗುಡಿಯುಂಟು, ಪುರಾತತ್ವ ಇಲಾಖೆಯ ಫಲಕವುಂಟು. ಅನ್ನವೂ ಇಲ್ಲ, ಔಷಧಿಯೂ ಇಲ್ಲ.

ನೆಲವು ನಗದಾದಾಗ ಏನಾಗುತ್ತದೆಂಬುದಕ್ಕೆ ಶಾಸನಕಾಲದವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರು ರಾಜ್ಯದ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ ಕಾಯಿದೆಯು ದೇವಾಲಯಗಳ ಇನಾಂ ಭೂಮಿಯನ್ನು ತೆಗೆದುಕೊಂಡು, ಅದಕ್ಕೆ ಬದಲಾಗಿ ವರ್ಷವರ್ಷವೂ ತಸ್ತೀಕೆಂಬ ನಗದು ಸಲ್ಲುವಂತೆ ಮಾಡಿತು. ಅಂದು ಅದು ಅನ್ಯಾಯವಾಗಿ ಕಂಡಿರಲಾರದು. ಕಾಲಕ್ರಮದಲ್ಲಿ ದೀಪದ ಎಣ್ಣೆಗೂ ಸಾಲದಂತಾದ ಆ ಮೊತ್ತವನ್ನು, ಅರ್ಚಕರ ಕೂಗು ಕೇಳಿಬಂದಾಗಲೆಲ್ಲ ಸರ್ಕಾರವು ಏರಿಸುತ್ತ ಬರಬೇಕಾಯಿತು. ಸರ್ಕಾರಕ್ಕೆ ಏರಿಸಲು ಬೊಕ್ಕಸವಿದೆ. ಭದ್ರಾವತಿಯ ಹೈಸ್ಕೂಲಿನ ದತ್ತಿಗೆ ಯಾರಿದ್ದಾರೆ?

'ಹಾಗಾದರೆ ಬಡ್ಡಿಯಲ್ಲೊಂದಿಷ್ಟನ್ನು ಅಸಲಿಗೆ ಸೇರಿಸುತ್ತ ಬರಲಿ' ಎಂದು ಜಾಣರು ಸೂಚಿಸುತ್ತಾರೆ. ಸೂಚನೆಯೇನೋ ಸರಿಯೇ, ಸೊಪ್ಪುಗೊಬ್ಬರ ಕಾಣಿಸದೆ ಕೊನೆ ಕೊಯ್ಯುತ್ತಲೇ ಇದ್ದರೆ ಅಡಕೆಯ ತೋಟ ಎಷ್ಟು ವರ್ಷ ನಿಂತೀತು? ಆದರೆ ಲೆಕ್ಕವನ್ನು ಇಲ್ಲಿಯೂ ಬಿಡುವಂತಿಲ್ಲ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರುತ್ತವೆಯೆಂದರೆ, 25,000ದ ಅಸಲಿನ ಸತ್ತ್ವವನ್ನು ಉಳಿಸಿಕೊಳ್ಳಲು ವರ್ಷಕ್ಕೆ 1,250 ರೂಪಾಯಿಯನ್ನು ಮರಳಿ ಸೇರಿಸಬೇಕು. ವೆಚ್ಚಕ್ಕೆ ಉಳಿಯುವುದು 375. ಇತ್ತ ಆದಾಯತೆರಿಗೆಯ ನಿಯಮವು, ವಿನಾಯಿತಿ ಬೇಕಾದರೆ ಧರ್ಮಸಂಸ್ಥೆಯು ವರ್ಷದ ಆದಾಯದಲ್ಲಿ ಶೇಕಡಾ 85ನ್ನು ಉದ್ದೇಶಕ್ಕೆ ವಿನಿಯೋಗಿಸತಕ್ಕದ್ದು, ಇಲ್ಲವೆ ಇಂಥ ಕಾರ್ಯಕ್ಕೆಂದು ಮೊದಲೇ ತಿಳಿಸಿ ಐದು ವರ್ಷಗಳ ಮಟ್ಟಿಗೆ ಕೂಡಿಡತಕ್ಕದ್ದು ಎನ್ನುತ್ತದೆ. ನಿರಾತಂಕವಾಗಿ ಉಳಿಸಿಕೊಳ್ಳಬಹುದಾದ ಶೇಕಡಾ 15 ಎಂದರೆ 1,625ರಲ್ಲಿ 244 ರೂಪಾಯಿ. ಹೀಗಿರುವಾಗ ದಾನಿಯೋ ಅವನ ಮಕ್ಕಳೋ ಆಗಾಗ ಬಂದು ಅಸಲನ್ನು ಬೆಳೆಸದೆ ಹೋದರೆ ದತ್ತಿ ಬಾಳಲಾರದು. ಅದು ಸಾಧ್ಯವಿಲ್ಲವೆನ್ನುವವರು 'ಹತ್ತು ವರ್ಷಗಳಲ್ಲಿ ಅಸಲು ಬಡ್ಡಿ ಸಮೇತ ವೆಚ್ಚ ಮಾಡಿ ಮುಗಿಸಿರಿ' ಎಂದು ಬರೆದುಕೊಟ್ಟರೆ ಹತ್ತು ಮಂದಿ ಮಕ್ಕಳಾದರೂ ನೆಟ್ಟಗೆ ಓದಿಕೊಂಡಾರು. ಈ ಮಾತನ್ನು ಹೇಳಿದಾಗ ಎದುರಿಗಿದ್ದವರ ಮುಖ ಕಪ್ಪಿಡುವುದನ್ನು ನೋಡಿದ್ದೇನೆ. ಹೆಸರು ಹತ್ತೇ ವರ್ಷಕ್ಕೆ ಮುಗಿಯುವುದೆ ಎಂಬ ಸಂಕಟ ಅದು. ಶಾಶ್ವತ ಪೂಜೆಯ ಚೀಟಿ, ತಲೆಮಾರುಗಳ ಪುಣ್ಯ, ಆರು ತಿಂಗಳಲ್ಲಿ ಇಮ್ಮಡಿಯಾಗುವ ಚೀಟಿಹಣ: 'ಒಂದೇ ಬಾರಿ ಕೊಟ್ಟರೆ ಸಾಕು' ಎಂದವನನ್ನು ನಮ್ಮ ಜನ ಎಂದಾದರೂ ಅನುಮಾನಿಸಿದ್ದುಂಟೆ?

ಮಿಕ್ಕ ಭ್ರಮೆಗಳಿಗೆ ಇಷ್ಟು ಜಾಗವನ್ನು ವ್ಯಯಿಸಲಾರೆ. ದತ್ತಿಗೆ ಕೊಟ್ಟದ್ದೆಲ್ಲ ತೆರಿಗೆಯಲ್ಲಿ ಮರಳಿ ಬರುತ್ತದೆಂಬುದು ಸುಳ್ಳು: ಹಳೆಯ ಪದ್ಧತಿಯಲ್ಲಿ, ಮನ್ನಣೆ ಪಡೆದ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಮೊತ್ತವನ್ನು ಆದಾಯದಿಂದ ಕಳೆಯಬಹುದಷ್ಟೆ, 2,000 ರೂಪಾಯಿಗೆ ಮೀರಿದ ನಗದಿಗೆ ಅದೂ ಇಲ್ಲ, ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಏನೂ ಇಲ್ಲ. 'ಕೊಟ್ಟದ್ದು ನನ್ನ ಹಣ, ಮನಸ್ಸು ಮುರಿದರೆ ವಾಪಸು ಕೇಳುತ್ತೇನೆ' ಎನ್ನುವವರು ಕೊಟ್ಟೇ ಇಲ್ಲ. ಮೂಲನಿಧಿಗೆಂದು ಬರವಣಿಗೆಯಲ್ಲಿ ಸ್ಪಷ್ಟವಾಗಿ ತಿಳಿಸದೆ ಚೆಕ್ಕನ್ನು ಕೊಟ್ಟವರ ಹಣ, ಅವರ ಮನಸ್ಸಿನಲ್ಲಿ ಏನೇ ಇದ್ದರೂ, ಸಂಸ್ಥೆಯ ಆ ವರ್ಷದ ಸಾಮಾನ್ಯ ವರಮಾನದಲ್ಲಿ ಕರಗಿಹೋಗುತ್ತದೆ.

ಉದ್ದೇಶದ ವಿಷಯವೊಂದನ್ನು ಮಾತ್ರ ಹೀಗೆ ದಾಟಿಹೋಗಲಾಗದು. ಶಾಶ್ವತದ ಹುಚ್ಚಿನ ಇನ್ನೊಂದು ಮುಖವೇ ಅದು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜು 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಯಿತು. ಆಗ 'ಇಂಟರ್‌ಮೀಡಿಯೆಟ್ಟಿನಲ್ಲಿ ಪ್ರಥಮ ಬಂದವನಿಗೆ' ಎಂದು ಒಬ್ಬರು ಬಹುಮಾನವಿಟ್ಟಿದ್ದರೆ, ಆ ಪರೀಕ್ಷೆಯೇ ಅಳಿದುಹೋದಮೇಲೆ ಅದನ್ನು ಯಾರಿಗೆ ಕೊಡಬೇಕು? ಭದ್ರಾವತಿಯ ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾದದ್ದು. ಅದರ ಚಿಮಣಿಯ ಹೊಗೆ ನಿಂತೀತೆಂದು ಹೇಳಿದವನನ್ನು ಐವತ್ತು ವರ್ಷಗಳ ಹಿಂದೆ ಊರು ಹುಚ್ಚನೆನ್ನುತ್ತಿತ್ತು, ಮತ್ತು 'ಕಾರ್ಖಾನೆಯ ಕಾರ್ಮಿಕರ ಮಕ್ಕಳಿಗೆ' ಎಂದು ಷರತ್ತು ಹಾಕಿ ದತ್ತಿಯಿಡುವುದು ಅಂದು ವಿವೇಕವೇ ಆಗಿರುತ್ತಿತ್ತು. ಉತ್ಪಾದನೆ ನಿಂತು ಸುಮಾರು ದಶಕವಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬ್ಯಾಂಕರಾಗಿದ್ದ ಫ್ರೆಡರಿಕ್ ಗಾಫ್ ಎಂಬವರು, ಗತಿಸಿದವರು ಬರೆದಿಟ್ಟ ಇಂಥ ಷರತ್ತುಗಳಲ್ಲಿ ಸಿಲುಕಿ ನಿಷ್ಪ್ರಯೋಜಕವಾದ ನಿಧಿಗಳನ್ನು ಕಂಡು ಬೇಸತ್ತೇ, 1914ರಲ್ಲಿ ಊರಿನ ದಾನಿಗಳ ನಿಧಿಗಳನ್ನೆಲ್ಲ ಒಂದೇ ಪ್ರತಿಷ್ಠಾನದ ಆಶ್ರಯಕ್ಕೆ ತಂದು, ಉದ್ದೇಶ ಹಳತಾದರೆ ಅದನ್ನು ಮಾರ್ಪಡಿಸುವ ಅಧಿಕಾರವನ್ನು ಬದುಕಿರುವ ಊರವರ ಸಮಿತಿಗೆ ಒಪ್ಪಿಸಿದರು. ನಮ್ಮಲ್ಲಿಯೂ ಒಂದೇ ಸಂಸ್ಥೆಯ ಇಪ್ಪತ್ತು ಮೂವತ್ತು ಪುಡಿದತ್ತಿಗಳು, ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡು, ಒಂದು ನಿಧಿಯಾಗಿ ಕೂಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಆದರೆ ದಾನಪತ್ರವು ಎಡೆಗೊಡಬೇಕು. ಎಡೆಗೊಡದಿದ್ದಾಗ ಉಳಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮು. ಮೂಲೋದ್ದೇಶವು ಅಸಾಧ್ಯವಾದರೆ ಅದಕ್ಕೆ ಹತ್ತಿರವಾದ ಬೇರೊಂದಕ್ಕೆ ನಿಧಿಯನ್ನು ತಿರುಗಿಸಲು ನ್ಯಾಯಾಲಯಕ್ಕೆ ಅಲ್ಲಿ ಅಧಿಕಾರವಿದೆ. ಅದಕ್ಕೆ ಅಡ್ವೊಕೇಟ್ ಜನರಲ್ ಮುಂದೆ ಬರಬೇಕು, ಇಲ್ಲವೆ ಹಿತಾಸಕ್ತರಾದ ಇಬ್ಬರಾದರೂ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ವರ್ಷಕ್ಕೆ 1,625 ರೂಪಾಯಿ ತರುವ ದತ್ತಿಗಾಗಿ ವಕೀಲರನ್ನು ಗೊತ್ತು ಮಾಡಿಕೊಂಡು ಶಿವಮೊಗ್ಗದ ನ್ಯಾಯಾಲಯದ ಮೆಟ್ಟಿಲೇರುವ ಕಾರ್ಯದರ್ಶಿ ಯಾವನು? 'ಈ ಉದ್ದೇಶ ನೆರವೇರದಂತಾದರೆ ಸಮಿತಿಯು ಇದಕ್ಕೆ ಸಮೀಪವಾದ ಕಾರ್ಯಕ್ಕೆ ಬಳಸಬಹುದು' ಎಂದು ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಲು ದಾನಿಗೆ ಕಾಸೂ ತಗಲುವುದಿಲ್ಲ.