ರಾಯಭಾರ ಕಚೇರಿಯಿಂದ ರಫ್ತುದಾರನಿಗೆ ಎಷ್ಟು ನೆರವು?

ರಾಯಭಾರ ಕಚೇರಿ ಎಂದೊಡನೆ ನಮ್ಮ ವ್ಯಾಪಾರಿ ಬಂಧುಗಳಿಗೆ ವೀಸಾ ಹಾಗೂ ಔತಣಕೂಟಗಳಷ್ಟೇ ನೆನಪಾಗುತ್ತವೆ. ಆದರೆ ರಾಜತಾಂತ್ರಿಕ ಸಂಬಂಧಗಳನ್ನು ಕುರಿತ 1961ರ ವಿಯೆನ್ನಾ ಒಡಂಬಡಿಕೆಯ 3ನೇ ವಿಧಿಯು ಆರ್ಥಿಕ ಸಂಬಂಧಗಳ ಅಭಿವೃದ್ಧಿಯನ್ನೂ ರಾಯಭಾರ ಕಾರ್ಯವೆಂದೇ ಪರಿಗಣಿಸಿದೆ.

ವಿದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ವಾಣಿಜ್ಯ ಅಧಿಕಾರಿಯ ದಿನಚರಿ ಬಹುಮಟ್ಟಿಗೆ ಕಡತಗಳದ್ದೇ. ಅಲ್ಲಿನ ಸುಂಕ ಹಾಗೂ ಗುಣಮಟ್ಟದ ನಿಯಮಗಳನ್ನು ಕುರಿತು ದೆಹಲಿಗೆ ವರದಿ ಕಳುಹಿಸುವುದು, ಆಮದುದಾರರ ಪಟ್ಟಿ ಒದಗಿಸುವುದು, ವ್ಯಾಪಾರ ನಿಯೋಗಗಳಿಗೆ ಭೇಟಿ ಏರ್ಪಡಿಸುವುದು, ವ್ಯಾಜ್ಯಗಳಲ್ಲಿ ಸಂಧಾನಕ್ಕೆ ಯತ್ನಿಸುವುದು ಇವುಗಳಲ್ಲಿ ಮುಖ್ಯವಾದವು. ಕೆಲವೇ ವರ್ಷಗಳಲ್ಲಿ ಅವರಿಗೆ ಬೇರೆ ದೇಶಕ್ಕೆ ವರ್ಗಾವಣೆಯಾಗುತ್ತದೆ. ಮುಂದೆ ಬರುವವರ ಕೈಗೆ ಸಿಗುವುದು ಕಡತ ಮಾತ್ರ. ಆದ್ದರಿಂದ ದೂರವಾಣಿಯ ಮಾತಿಗಿಂತ ಲಿಖಿತ ಪತ್ರವೇ ಮೇಲು.

ಈ ನೆರವಿನ ಮಿತಿಯನ್ನೂ ಅರಿತಿರಬೇಕು. ಅದೇ ಒಡಂಬಡಿಕೆಯ 41ನೇ ವಿಧಿಯಂತೆ ರಾಜತಾಂತ್ರಿಕರು ಆ ದೇಶದ ಕಾನೂನನ್ನು ಗೌರವಿಸತಕ್ಕದ್ದು. ಬಾಕಿದಾರನಿಗೆ ಅವರು ಪತ್ರ ಬರೆಯಬಹುದು, ಕರೆಸಿ ಮಾತನಾಡಲು ಯತ್ನಿಸಬಹುದು. ಹಣ ವಸೂಲು ಮಾಡಿಕೊಡಲಾರರು. ವಸೂಲಿಗೆ ನ್ಯಾಯಾಲಯ ಅಥವಾ ಕರಾರಿನಲ್ಲಿ ನಮೂದಿಸಿದ ಪಂಚಾಯಿತಿಯೇ ದಾರಿ. ನಷ್ಟದ ಭಯಕ್ಕೆ ಇ.ಸಿ.ಜಿ.ಸಿ. ವಿಮೆಯುಂಟು.

ಸರಕು ಹಡಗೇರಿದ ಮೇಲೆ ಮೊರೆಯಿಡುವ ಬದಲು, ಕರಾರಿಗೆ ಮುನ್ನವೇ ಆಮದುದಾರನ ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳನ್ನು ಬರೆದು ಕಳುಹಿಸಿ ವಿಚಾರಿಸುವುದು ಲೇಸು. ಉತ್ತರ ತಡವಾದರೆ ಕಾಯಬಹುದು. ಒಂದು ಕಂಟೇನರ್ ಸರಕಿನ ಹಣ ಮುಳುಗಿದರೆ ಸಣ್ಣ ಕಾರ್ಖಾನೆ ತಾಳಲಾರದು.