ಬಯಲುಸೀಮೆಯಿಂದ ನೊರೆನೀರಿಗೆ: ವಿದೇಶದ ಕಯಾಕ್ ಪ್ರವಾಸವನ್ನು ಕೊಳ್ಳುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ವರ್ತಕ ಕುಟುಂಬಗಳಲ್ಲಿ ದೂರಪ್ರವಾಸವೆಂದರೆ ಬಹುಕಾಲ ತೀರ್ಥಯಾತ್ರೆಯೇ ಆಗಿತ್ತು. ಹುಣಸೆಯ ವಹಿವಾಟು ಮುಗಿದ ಮೇಲೆ ತಿರುಪತಿ, ವ್ಯಾಪಾರ ಕೈಹಿಡಿದ ವರ್ಷ ಕಾಶಿ, ಅದನ್ನೂ ಮೀರಿದರೆ ನೇಪಾಳದ ಪಶುಪತಿನಾಥ ಮತ್ತು ಮುಕ್ತಿನಾಥ. ಇಂದು ಅದೇ ನೇಪಾಳದ ಹೆಸರು ಬೇರೊಂದು ಕಾರಣಕ್ಕೆ ಮನೆಗಳಲ್ಲಿ ಕೇಳಿಬರುತ್ತಿದೆ. ಬೆಂಗಳೂರಿನಲ್ಲಿ ಓದಿ ಅಲ್ಲಿಯೇ ಉದ್ಯೋಗ ಹಿಡಿದ ಮಗನೋ ಮಗಳೋ ಊರಿಗೆ ಬಂದಾಗ ತ್ರಿಶೂಲಿ, ಸೇತಿ ಎಂಬ ನದಿಗಳ ಮಾತು ತೆಗೆಯುತ್ತಾರೆ. ಬಂಡೆಗಳ ನಡುವೆ ನೊರೆಯೆದ್ದು ಧುಮ್ಮಿಕ್ಕುವ ಹೊಳೆಯಲ್ಲಿ ಪುಟ್ಟ ದೋಣಿ ನಡೆಸುವ ರಜೆಗೆ ಹೊರಡುತ್ತೇವೆ ಎನ್ನುತ್ತಾರೆ. ನೀವೂ ಬನ್ನಿ ಎಂದು ಕರೆಯುವವರೂ ಉಂಟು. ಹೋಗಬೇಕೇ ಬೇಡವೇ ಎಂಬುದು ಆಯಾ ಮನೆಯ ವಿಚಾರ. ಆದರೆ ಕೊಟ್ಟ ಹಣಕ್ಕೆ ದೊರೆಯುವ ಸರಕು ಯಾವುದು, ಅದನ್ನು ಪರೀಕ್ಷಿಸಿ ಕೊಳ್ಳುವುದು ಹೇಗೆ ಎಂಬುದು ವಾಣಿಜ್ಯಕ್ಕೆ ಸಂಬಂಧಿಸಿದ ಪ್ರಶ್ನೆಯಾದ್ದರಿಂದ ಸದಸ್ಯರ ಮುಂದೆ ಇಡಲಾಗಿದೆ.

ಎರಡು ಬಗೆಯ ದೋಣಿ

ಕಯಾಕ್ ಎಂಬುದು ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಜನರು ಬೇಟೆಗಾಗಿ ಚರ್ಮದಿಂದ ಕಟ್ಟುತ್ತಿದ್ದ ಕಿರಿದಾದ ದೋಣಿ. ಇಂದಿನದು ಪ್ಲಾಸ್ಟಿಕ್ಕಿನದು. ನೊರೆನೀರಿನಲ್ಲಿ ಬಳಸುವ ಕಯಾಕಿನಲ್ಲಿ ಸಾಮಾನ್ಯವಾಗಿ ಒಬ್ಬನೇ ಕುಳಿತು, ಎರಡೂ ತುದಿಗೆ ಅಲಗುಳ್ಳ ಹುಟ್ಟಿನಿಂದ ಅದನ್ನು ನಡೆಸುತ್ತಾನೆ. ನೀರು ಒಳನುಗ್ಗದಂತೆ ಸೊಂಟದ ಸುತ್ತ ಒಂದು ಹೊದಿಕೆ ಬಿಗಿದಿರುತ್ತದೆ. ದೋಣಿ ಮಗುಚಿದರೆ ಕುಳಿತವನು ತಲೆಕೆಳಗಾಗಿ ನೀರಿನಲ್ಲಿ ತೂಗುತ್ತಾನೆ. ಹುಟ್ಟಿನ ಒಂದು ಬೀಸಿನಿಂದ ದೋಣಿಯನ್ನು ಮತ್ತೆ ಮೇಲಕ್ಕೆ ಹೊರಳಿಸಬೇಕು, ಆಗದಿದ್ದರೆ ಹೊದಿಕೆ ಕಿತ್ತು ಹೊರಬರಬೇಕು. ಇದು ಕಲಿಯದೆ ಬರುವ ವಿದ್ಯೆಯಲ್ಲ. ಗಾಳಿ ತುಂಬಿದ ದೊಡ್ಡ ರಬ್ಬರ್ ದೋಣಿ, ಅಂದರೆ ರಾಫ್ಟ್, ಬೇರೆ. ಅದರಲ್ಲಿ ಆರೆಂಟು ಮಂದಿ ಕೂರುತ್ತಾರೆ, ಹಿಂದೆ ಕುಳಿತ ಮಾರ್ಗದರ್ಶಿ ದಿಕ್ಕು ತಿರುಗಿಸುತ್ತಾನೆ.

ಜಾಹೀರಾತುಗಳಲ್ಲಿ ಈ ಎರಡೂ ಪದಗಳನ್ನು ಕಲಸಿಬಿಡುವುದು ಸಾಮಾನ್ಯ. ಹೊಸಬರನ್ನು ರಾಫ್ಟಿನಲ್ಲಿ ಕೂರಿಸಿ, ಅದರ ಪಕ್ಕದಲ್ಲಿ ಒಬ್ಬ ನುರಿತ ಕಯಾಕ್ ಚಾಲಕನನ್ನು ಕಳುಹಿಸುವುದು ಒಳ್ಳೆಯ ಸಂಸ್ಥೆಗಳ ಪದ್ಧತಿ. ದೋಣಿಯಿಂದ ಎಸೆಯಲ್ಪಟ್ಟವರನ್ನು ಹಿಡಿದು ದಡಕ್ಕೆ ತರುವುದು ಅವನ ಕೆಲಸ. ನಿಜವಾಗಿ ಗ್ರಾಹಕನು ಕೊಳ್ಳುತ್ತಿರುವುದು ಇವನನ್ನು. ನದಿ ಯಾರಿಗೂ ಉಚಿತ; ದೋಣಿಗೆ ದಿನದ ಬಾಡಿಗೆ ದೊಡ್ಡದಲ್ಲ. ಆದರೆ ಆ ಹೊಳೆಯ ಪ್ರತಿ ಬಂಡೆಯನ್ನೂ ಬಲ್ಲ, ಹಗ್ಗ ಎಸೆಯಬಲ್ಲ, ನೀರು ಕುಡಿದವನ ಉಸಿರು ಮರಳಿಸಬಲ್ಲ ಮನುಷ್ಯನಿಗೆ ಬೆಲೆಯಿದೆ. ಅಗ್ಗದ ದರ ಹೇಳುವವರು ಮೊದಲು ಕೈಬಿಡುವುದೂ ಇವನನ್ನೇ. ಆದ್ದರಿಂದ ವಿಚಾರಿಸಬೇಕಾದ ಮೊದಲ ಪ್ರಶ್ನೆ: ಪ್ರತಿ ರಾಫ್ಟಿನ ಜೊತೆ ಸುರಕ್ಷತಾ ಕಯಾಕ್ ಇರುತ್ತದೆಯೇ?

ಎರಡನೆಯದು ಹೊಳೆಯ ದರ್ಜೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನೊರೆನೀರನ್ನು 1ರಿಂದ 6ರವರೆಗೆ ವಿಂಗಡಿಸುತ್ತಾರೆ. ಒಂದೆಂದರೆ ಮೆಲ್ಲಗೆ ಹರಿಯುವ ನೀರು, ಆರೆಂದರೆ ನುರಿತವರಿಗೂ ಪ್ರಾಣಾಪಾಯ. ಈ ದರ್ಜೆ ಹುಣಸೆಹಣ್ಣಿನ ದರ್ಜೆಯಂತೆ ಮೂಟೆಗೆ ಅಂಟಿದ ಗುಣವಲ್ಲ. ಮೇಲೆ ಮಳೆಯಾದರೆ ನಿನ್ನೆ ಮೂರಾಗಿದ್ದ ಹೊಳೆ ಇಂದು ನಾಲ್ಕಾಗಬಹುದು. ಕರಪತ್ರದಲ್ಲಿ ಅಚ್ಚಾದ ಅಂಕೆಗಿಂತ ಹೊರಡುವ ದಿನದ ನೀರಿನ ಮಟ್ಟವನ್ನು ಕೇಳುವುದು ಮೇಲು.

ಬಾವಿಯ ಈಜು, ಹೊಳೆಯ ಈಜು

ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಒಂದು ಮಾತನ್ನು ಬಿಡಿಸಿಯೇ ಹೇಳಬೇಕಾಗಿದೆ. ಕಪಿಲೆ ಬಾವಿಗಳಿದ್ದ ಕಾಲದಲ್ಲಿ ಈ ಬಯಲುಸೀಮೆಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ಮೆಟ್ಟಿಲ ಮೇಲಿಂದ ಹಾರಿ ತಳದ ಮಣ್ಣು ತರುವುದು ಆಗಿನ ಪಂದ್ಯ. ಕೊಳವೆ ಬಾವಿಗಳು ಬಂದು ಅಂತರ್ಜಲ ಕೆಳಗಿಳಿದಂತೆ ತೆರೆದ ಬಾವಿಗಳು ಬತ್ತಿದವು. ಅವುಗಳೊಡನೆ ಆ ಪಾಠಶಾಲೆಯೂ ಮುಚ್ಚಿತು. ಇಂದಿನ ಯುವಕರಲ್ಲಿ ಅನೇಕರಿಗೆ ಈಜು ಬಾರದು. ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಈಜು ಬಲ್ಲ ಹಿರಿಯರದು ಇನ್ನೊಂದು ಬಗೆಯ ತೊಡಕು. ಬಾವಿಯ ನೀರು ನಿಂತ ನೀರು. ಮುಳುಗಿದವನು ತಳಕ್ಕೆ ಕಾಲೂರಿ ಚಿಮ್ಮಿ ಮೇಲೆ ಬರುತ್ತಾನೆ. ಹರಿಯುವ ಹೊಳೆಯಲ್ಲಿ ಹೀಗೆ ಮಾಡುವುದೇ ಅಪಾಯ. ತಳದ ಬಂಡೆಗಳ ಸಂದಿಗೆ ಪಾದ ಸಿಕ್ಕಿತೆಂದರೆ ಹಿಂದಿನಿಂದ ನುಗ್ಗುವ ನೀರು ಮೈಯನ್ನು ಮುಂದಕ್ಕೆ ಮಡಿಚಿ ತಲೆಯನ್ನು ಒಳಗೆ ಅದುಮುತ್ತದೆ. ಇದಕ್ಕೆ ಆಳುದ್ದದ ನೀರು ಬೇಕಿಲ್ಲ, ಸೊಂಟದುದ್ದ ಸಾಕು. ಆದ್ದರಿಂದ ದೋಣಿಯಿಂದ ಬಿದ್ದವರು ನಿಲ್ಲಲು ಹೋಗದೆ, ಅಂಗಾತ ಮಲಗಿ, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಪಾದಗಳನ್ನು ನೀರಿನ ಮೇಲ್ಮಟ್ಟದಲ್ಲಿ ಇರಿಸಿಕೊಂಡು ತೇಲಬೇಕು. ಎದುರಿಗೆ ಬಂದ ಬಂಡೆಯನ್ನು ಕಾಲಿನಿಂದ ಒದ್ದು ತಪ್ಪಿಸಿಕೊಳ್ಳಬಹುದು. ದೋಣಿ ಹತ್ತುವ ಮುನ್ನ ದಡದಲ್ಲಿ ನೀಡುವ ಅರ್ಧ ಗಂಟೆಯ ಉಪದೇಶದ ತಿರುಳು ಇದೇ. ಅದು ಅರ್ಥವಾಗುವ ಭಾಷೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಅರ್ಥವಾಗದ ಇಂಗ್ಲಿಷಿಗೂ ತಲೆಯಾಡಿಸುವ ಸೌಜನ್ಯವಂತರು. ಹೊಳೆಯಲ್ಲಿ ಈ ಸೌಜನ್ಯ ದುಬಾರಿ.

ನೀರು ಬಿಡುವವರು ಯಾರು?

ನೊರೆನೀರಿನ ವ್ಯಾಪಾರಕ್ಕೂ ವಿದ್ಯುತ್ತಿಗೂ ಇರುವ ನಂಟು ಕುತೂಹಲಕರವಾದುದು. ಹೊಳೆ ಇಳಿಜಾರಿನಲ್ಲಿ ಬಿರುಸಾಗಿ ಹರಿಯುವ ಎಡೆಯೇ ಜಲವಿದ್ಯುತ್ತಿಗೂ ಯೋಗ್ಯವಾದ ಎಡೆ. ಉಗಾಂಡಾದ ಜಿಂಜಾ ಪಟ್ಟಣದ ಬಳಿ ಬಿಳಿ ನೈಲ್ ನದಿಯ ಬುಜಗಾಲಿ ಜಲಪಾತಗಳು ಒಂದು ಕಾಲಕ್ಕೆ ಜಗತ್ತಿನ ಕಯಾಕ್ ಪಟುಗಳನ್ನು ಸೆಳೆಯುತ್ತಿದ್ದವು. 250 ಮೆಗಾವ್ಯಾಟ್ ಸಾಮರ್ಥ್ಯದ ಬುಜಗಾಲಿ ಯೋಜನೆ 2012ರಲ್ಲಿ ಪೂರ್ಣಗೊಂಡಾಗ ಅವು ಜಲಾಶಯದ ಅಡಿ ಸೇರಿದವು. ಪ್ರವಾಸ ಸಂಸ್ಥೆಗಳು ಕೆಳಭಾಗಕ್ಕೆ ಸರಿದವು. 2019ರಲ್ಲಿ ಇಸಿಂಬಾ ಅಣೆಕಟ್ಟು ಬಂದು ಅಲ್ಲಿಯೂ ಕೆಲವು ಇಳಿತಗಳು ಮುಳುಗಿದವು. ನೇಪಾಳದಲ್ಲಿ ಕಯಾಕ್ ಕಲಿಯುವವರಿಗೆ ಪ್ರಸಿದ್ಧವಾದ ಸೇತಿ ನದಿಯ ಮೇಲೂ ದಮೌಲಿಯ ಬಳಿ 140 ಮೆಗಾವ್ಯಾಟ್‌ನ ತನಹುಂ ಯೋಜನೆಯನ್ನು ಕೈಗೆತ್ತಿಕೊಳ್ಳಲಾಗಿದೆ. ಮೂರು ವರ್ಷ ಹಿಂದಿನ ಪ್ರವಾಸಕಥನ ಓದಿ ಮುಂಗಡ ಕಳುಹಿಸುವವರು ಇದನ್ನು ಗಮನಿಸಬೇಕು.

ನಮ್ಮ ಕಾಳಿ ನದಿಯ ಕಥೆ ತಿರುಗುಮುರುಗು. ಉತ್ತರ ಕನ್ನಡ ಜಿಲ್ಲೆಯಲ್ಲಿ 184 ಕಿ.ಮೀ. ಹರಿದು ಕಾರವಾರದ ಬಳಿ ಸಮುದ್ರ ಸೇರುವ ಈ ನದಿಯಲ್ಲಿ, ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ಹೊರಬರುವ ನೀರಿನಿಂದ. ಅಣೆಕಟ್ಟು ಇರುವುದರಿಂದಲೇ ಬೇಸಿಗೆಯಲ್ಲಿಯೂ ಅಲ್ಲಿ ನೊರೆನೀರು ದೊರೆಯುತ್ತದೆ. ಟರ್ಬೈನ್ ನಿಂತ ದಿನ ದೋಣಿಯೂ ನಿಲ್ಲುತ್ತದೆ. ಇಲ್ಲಿ ಪಾವಗಡಕ್ಕೂ ಒಂದು ಪಾತ್ರವುಂಟು. ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ವಿದ್ಯುತ್ ಕೊಡುವುದು ಹಗಲಿನಲ್ಲಿ. ಸೌರವಿದ್ಯುತ್ ಹೇರಳವಾಗಿರುವ ಹೊತ್ತಿನಲ್ಲಿ ಜಲಾಶಯದ ನೀರನ್ನು ಉಳಿಸಿ ಸಂಜೆಯ ಬೇಡಿಕೆಗೆ ಬಳಸುವುದು ವಿದ್ಯುತ್ ಜಾಲ ನಿರ್ವಹಣೆಯ ಸಹಜ ತರ್ಕ. ದೋಣಿ ನಡೆಸುವವನಿಗಾದರೋ ನೀರು ಬೇಕಾಗಿರುವುದು ಹಗಲಿನಲ್ಲಿಯೇ. ಒಂದು ಹನಿ ಹೊಳೆನೀರು ಕಾಣದ ಪಾವಗಡದ ಬಿಸಿಲು ಇನ್ನೂರು ಮೈಲಿ ಆಚೆಯ ಮಲೆನಾಡಿನ ಹೊಳೆಯ ವೇಳಾಪಟ್ಟಿಯೊಂದಿಗೆ ತಳುಕು ಹಾಕಿಕೊಳ್ಳಬಹುದೆಂದು ಯಾರು ತಾನೇ ಎಣಿಸಿದ್ದರು!

ಕಾಗದಪತ್ರದ ಮಾತು

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಕಠ್ಮಂಡುವಿನಿಂದ ಪೋಖರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿಯೇ ತ್ರಿಶೂಲಿ ಹರಿಯುವುದರಿಂದ, ಅವಘಡವಾದರೆ ರಸ್ತೆ ಹತ್ತಿರವಿದೆ ಎಂಬ ಸಮಾಧಾನವೂ ಇದೆ. ಮೊದಲ ಬಾರಿ ಹೋಗುವವರಿಗೆ ಇದೇ ಸೂಕ್ತವೆಂದು ತೋರುತ್ತದೆ. ಜಾಂಬಿಯಾ ಮತ್ತು ಜಿಂಬಾಬ್ವೆಗಳ ನಡುವಿನ ಜಾಂಬೆಜಿ ಕಮರಿಯಾಗಲಿ, ಏಳು ಮೀಟರ್ ಎತ್ತರದ ಜಲಪಾತದಿಂದ ರಾಫ್ಟ್ ಸಹಿತ ಧುಮುಕುವ ನ್ಯೂಜಿಲೆಂಡಿನ ಕೈಟುನಾ ನದಿಯಾಗಲಿ ಮೊದಲ ಪಾಠಕ್ಕಲ್ಲ.

ವಿಮೆಯ ವಿಷಯದಲ್ಲಿ ಸದಸ್ಯರು ವಿಶೇಷ ಎಚ್ಚರ ವಹಿಸುವುದು ಒಳಿತು. ಸಾಮಾನ್ಯ ವಿದೇಶ ಪ್ರವಾಸ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವುದೇ ವಾಡಿಕೆ. ಪ್ರತ್ಯೇಕ ಪ್ರೀಮಿಯಂ ಕೊಟ್ಟು ಸೇರಿಸಿಕೊಂಡಲ್ಲಿ, ಪಾಲಿಸಿಯಲ್ಲಿ ರಾಫ್ಟಿಂಗ್ ಎಂದಿದೆಯೇ, ಕಯಾಕಿಂಗ್ ಎಂದಿದೆಯೇ, ಹೊಳೆಯ ಯಾವ ದರ್ಜೆಯವರೆಗೆ ಅನ್ವಯ, ಹೆಲಿಕಾಪ್ಟರ್ ಸಾಗಣೆ ಸೇರಿದೆಯೇ ಎಂಬುದನ್ನು ಓದಿ ನೋಡಬೇಕು. ಅಂಗಡಿಯ ಬೆಂಕಿ ವಿಮೆಯ ಷರತ್ತುಗಳನ್ನು ಸಾಲು ಸಾಲಾಗಿ ಓದುವವರು ಮಕ್ಕಳ ಪ್ರವಾಸದ ವಿಮೆಯನ್ನು ಓದದೆ ಸಹಿ ಮಾಡುವುದು ವಿಚಿತ್ರ.

ಯಾರಿಂದ ಕೊಳ್ಳುತ್ತೇವೆ ಎಂಬುದೂ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡಿದೆ. ಭಾರತದಲ್ಲಿ ನೋಂದಾಯಿತವಾದ ಪ್ರವಾಸ ಸಂಸ್ಥೆಯಿಂದ ರಸೀದಿ ಪಡೆದು ಕೊಂಡಿದ್ದರೆ ವ್ಯಾಜ್ಯವನ್ನು ತುಮಕೂರಿನಲ್ಲಿಯೇ ಹೂಡಬಹುದು. ಪರದೇಶದ ಸಂಸ್ಥೆಗೆ ನೇರವಾಗಿ ಹಣ ಕಳುಹಿಸಿದರೆ ದರ ಕಡಿಮೆಯಾಗಬಹುದು, ಆದರೆ ಹಣ ಹಿಂದಿರುಗಿಸಿಕೊಳ್ಳುವ ದಾರಿ ದೂರವಾಗುತ್ತದೆ. 2018ರ ಜೂನ್‌ನಲ್ಲಿ ಉತ್ತರಾಖಂಡ ಉಚ್ಚ ನ್ಯಾಯಾಲಯವು ಸೂಕ್ತ ನಿಯಮ ರೂಪಿಸುವವರೆಗೆ ರಾಫ್ಟಿಂಗ್ ನಿಲ್ಲಿಸುವಂತೆ ಆದೇಶಿಸಿದುದು ಹಲವರಿಗೆ ನೆನಪಿರಬಹುದು. ಇಂತಹ ಸಂದರ್ಭದಲ್ಲಿ ಮುಂಗಡದ ಗತಿಯೇನು ಎಂಬುದು ಕರಾರಿನಲ್ಲಿ ಬರೆದಿರಬೇಕು.

ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ ಮೂಲದಲ್ಲಿಯೇ ತೆರಿಗೆ ವಸೂಲಿ ಮಾಡುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 2023ರ ಅಕ್ಟೋಬರ್‌ನಿಂದ ಏಳು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ. 20 ವಿಧಿಸಲಾಯಿತು. ಅನಂತರದ ಬಜೆಟ್‌ಗಳಲ್ಲಿಯೂ ಇದು ಬದಲಾಗುತ್ತ ಬಂದಿರುವುದರಿಂದ ಆಯಾ ವರ್ಷದ ದರವನ್ನು ಲೆಕ್ಕಪರಿಶೋಧಕರಲ್ಲಿ ಕೇಳುವುದು ಕ್ಷೇಮ. ಹೀಗೆ ವಸೂಲಾದ ಹಣ ನಷ್ಟವಲ್ಲ, ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ. ಆದರೆ ಕುಟುಂಬದ ರಜೆಯ ಖರ್ಚನ್ನು ಅಂಗಡಿಯ ವೆಚ್ಚಕ್ಕೆ ಬರೆಯುವಂತಿಲ್ಲ.

ಮೊದಲು ಹತ್ತಿರದ ಹೊಳೆ

ವಿದೇಶಕ್ಕೆ ಹೋಗುವ ಮುನ್ನ ಗಣೇಶಗುಡಿಯಲ್ಲಿ ಒಂದು ದಿನ ಕಳೆಯುವುದು ಸೂಕ್ತ. ನೀರಿನ ಭಯ ಎಷ್ಟಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ, ಪೂರ್ತಿ ಮುಂಗಡ ಕಳೆದುಕೊಂಡು ತಿಳಿಯಬೇಕಿಲ್ಲ. ಪೈಪೋಟಿಯ ಕಯಾಕಿಂಗ್ ನೋಡಬೇಕೆನ್ನುವವರು ಮಳೆಗಾಲದಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿಗೆ ಹೋಗಬಹುದು. ಚಾಲಿಪ್ಪುಳ ಮತ್ತು ಇರುವಂಜಿಪ್ಪುಳ ಹೊಳೆಗಳಲ್ಲಿ 2013ರಲ್ಲಿ ಆರಂಭವಾದ ಮಲಬಾರ್ ರಿವರ್ ಫೆಸ್ಟಿವಲ್‌ಗೆ ವಿದೇಶದ ಪಟುಗಳೂ ಬರುತ್ತಾರೆ.

ನಮ್ಮಲ್ಲಿಯೇ ಇಂತಹುದನ್ನು ಏಕೆ ಮಾಡಬಾರದು ಎಂಬ ಪ್ರಶ್ನೆ ಸಹಜ. ಲಂಡನ್ನಿನ ಬಳಿಯ ಲೀ ವ್ಯಾಲಿಯಲ್ಲಿ 2012ರ ಒಲಿಂಪಿಕ್ಸ್‌ಗಾಗಿ ಪಂಪುಗಳಿಂದ ನೀರೆತ್ತಿ ಹರಿಸುವ ಕೃತಕ ಹೊಳೆಯನ್ನೇ ಕಟ್ಟಿದರು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ತಾಲ್ಲೂಕಿನಲ್ಲಿ ಅಂತಹ ಯೋಜನೆಯ ಮಾತೆತ್ತಿದರೆ ಜನ ನಗುತ್ತಾರೆ, ನಗಬೇಕಾದ್ದೇ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳು ವರ್ಷದ ಬಹುಭಾಗ ಮರಳಾಗಿಯೇ ಇರುತ್ತವೆ. ನಮ್ಮ ಬಂಡವಾಳ ಬಂಡೆ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೂ ಕೊರಟಗೆರೆಯ ಸಿದ್ಧರ ಬೆಟ್ಟಕ್ಕೂ ವಾರಾಂತ್ಯದಲ್ಲಿ ಬೆಂಗಳೂರಿನಿಂದ ಜನ ಬರುತ್ತಾರೆ, ಹತ್ತಿ ಇಳಿದು ಒಂದು ಎಳನೀರು ಕುಡಿದು ಹೊರಟುಹೋಗುತ್ತಾರೆ. ಸೇತಿ ನದಿಯ ದಡದಲ್ಲಿ ನಾಲ್ಕು ದಿನ ಕಯಾಕ್ ತರಬೇತಿ ಪಡೆದು ಬಂದ ನಮ್ಮ ಹುಡುಗನೊಬ್ಬ ಹಗ್ಗದ ಗಂಟು, ಹೆಲ್ಮೆಟ್ಟಿನ ಶಿಸ್ತು, ಪ್ರಥಮ ಚಿಕಿತ್ಸೆಗಳನ್ನು ಕಂಡು ಬಂದಿರುತ್ತಾನೆ. ಬೆಟ್ಟದ ಬುಡದಲ್ಲಿ ಮಾರ್ಗದರ್ಶಿಗಳ ತಂಡವೊಂದನ್ನು ಕಟ್ಟಬಯಸುವವರು ಅಂತಹವನನ್ನು ಕರೆದು ಮಾತನಾಡಿಸಬಹುದು. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯೂ ಇಂತಹ ತರಬೇತಿಗೆಂದೇ ಇವೆ.

ಇನ್ನು ಹೊರಡುವ ಕಾಲ. ನೇಪಾಳದ ಹೊಳೆಗಳಿಗೆ ಅಕ್ಟೋಬರ್-ನವೆಂಬರ್ ಹಾಗೂ ಮಾರ್ಚ್‌ನಿಂದ ಮೇವರೆಗಿನ ಅವಧಿ ಯೋಗ್ಯ. ಮಳೆಗಾಲದಲ್ಲಿ ಹೊಸಬರು ಹೋಗಬಾರದು. ಮೊದಲನೆಯದು ದೀಪಾವಳಿಯ ವ್ಯಾಪಾರಕ್ಕೂ ಕಡಲೆಕಾಯಿಯ ಕೊಯ್ಲಿಗೂ ಅಡ್ಡ ಬರುತ್ತದೆ, ಎರಡನೆಯದರ ಆರಂಭ ಹುಣಸೆಯ ಸುಗ್ಗಿಗೆ. ಏಪ್ರಿಲ್ ಕೊನೆಯ ವಾರದಿಂದ ಮೇ ಮಧ್ಯದವರೆಗೆ ಮಂಡಿ ಸ್ವಲ್ಪ ತೆರಪಾಗುತ್ತದೆ, ಮಕ್ಕಳಿಗೂ ರಜೆ. ಆ ಹದಿನೈದು ದಿನಗಳಿಗೆ ಜನವರಿಯಲ್ಲಿಯೇ ವಿಚಾರಣೆ ಆರಂಭಿಸಿದರೆ, ಮೇಲೆ ಹೇಳಿದ ಪ್ರಶ್ನೆಗಳಿಗೆಲ್ಲ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಲು ಸಾಕಷ್ಟು ಸಮಯ ಸಿಗುತ್ತದೆ.